ಸಹಿ ನಿಮ್ಮದೇ ತಾನೆ

ಪ್ರಿಂಟರಿನಿಂದ ಆಗಷ್ಟೇ ಹೊರಬಿದ್ದ ಕಾಗದಕ್ಕೆ ಒಂದು ವಾಸನೆಯಿದೆ, ಗಮನಿಸಿದ್ದೀರಾ? ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ಹೆಚ್ಚು ನಿಂತುಬಿಟ್ಟ ಬಟ್ಟೆಯ ವಾಸನೆಯಂಥದ್ದು. ಈ ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ನಮ್ಮ ಟ್ಯಾಕ್ಸ್ ಕಾಗದಗಳನ್ನು ಪ್ರಿಂಟ್ ಮಾಡುತ್ತ ನಿಂತಿದ್ದೆ. ಎಲ್ಲವೂ ಕಂಪ್ಯೂಟರಿನಲ್ಲೇ ಮುಗಿದುಹೋಗುವ ಈ ಕಾಲದಲ್ಲಿ ನನಗೆ ಮಾತ್ರ ಕಾಗದದ ಮೇಲೆ ಒಮ್ಮೆ ಓದದಿದ್ದರೆ ಸಮಾಧಾನವಿಲ್ಲ. ನನ್ನ ಗಂಡ ಇದನ್ನೊಂದು ಕಾಯಿಲೆ ಎನ್ನುತ್ತಾನೆ. ಎಂಟು ವರ್ಷದ ಮಗಳು ಬಂದು ಬಿಸಿ ಹಾಳೆಯೊಂದನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅದರ ಮೇಲಿದ್ದುದನ್ನು ಓದಿ ಕೇಳಿದಳು: "ಅಮ್ಮಾ, ವಾಟ್ ಈಸ್ ರೆಸಿಡೆಂಟ್?"

"ಇಲ್ಲೇ ಇರೋರು ಕಣೇ. ಯಾರು ಎಲ್ಲಿರ್ತಾರೋ ಅವರು ಅಲ್ಲಿನ ರೆಸಿಡೆಂಟು," ಅಂದೆ.

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಆ ಮಾತು ನನ್ನದಲ್ಲ, ಧಾಟಿಯೂ ನನ್ನದಲ್ಲ. ಅದು ಇಲ್ಲೇ ನ್ಯೂಜೆರ್ಸಿಯ ಮನ್ರೋ ಎಂಬ ಊರಿನ ಶ್ರೀಕಂಠ ಅಂಕಲ್ ಅವರದು. ಹದಿನೈದು ವರ್ಷಗಳ ಹಿಂದೆ ಅವರ ಮನೆಯ ಬೇಸ್‌ಮೆಂಟಿನಲ್ಲಿ, ಇಂಥದೇ ವಾಸನೆಯ ನಡುವೆ ಕೂತು ಕೇಳಿದ್ದು. ಆ ಮಾತು ತಪ್ಪು ಎಂದು ಗೊತ್ತಾದ ಮೇಲೂ ನಾನು ಅದಕ್ಕೆ ನಕ್ಕಿದ್ದೆ. ನಿಮಗೆ ಹೇಳಬೇಕಾಗಿರುವುದು ಆ ನಗುವಿನ ವಿಷಯ.

ಆಗ ನಾನು ಮ್ಯಾನ್‌ಹಟನ್ನಿನಲ್ಲಿ ಎಂ.ಎಸ್. ಓದುತ್ತಿದ್ದೆ. ಮ್ಯಾನ್‌ಹಟನ್ ಎಂದೊಡನೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಅಲ್ಲಿ ಓದಬಹುದಿತ್ತು, ಇರಲು ಸಾಧ್ಯವಿರಲಿಲ್ಲ. ನದಿಯ ಈಚೆ ಜೆರ್ಸಿ ಸಿಟಿಯಲ್ಲಿ ಒಂದು ಕೋಣೆಯ ಮನೆಯನ್ನು ನಾನೂ ಸವಿತಾಳೂ ಹಂಚಿಕೊಂಡಿದ್ದೆವು. ಸವಿತಾ ವಿಜಯಪುರದ ಕಡೆಯವಳು, ನಾನು ಮೈಸೂರಿನವಳು. ಮೊದಲ ವಾರವೆಲ್ಲ ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ಕಿವಿ ಒಗ್ಗಿಸಿಕೊಳ್ಳುವುದರಲ್ಲೇ ಕಳೆಯಿತು. ನಾನು "ಬೇಗ ಬಾರೇ" ಅಂದರೆ ಅವಳಿಗೆ ಗದರಿದ ಹಾಗೆ ಕೇಳುತ್ತಿತ್ತಂತೆ; ಅವಳು ಅಕ್ಕರೆಯಿಂದ ಮಾತಾಡಿದರೆ ನನಗೆ ಜಗಳಕ್ಕೆ ನಿಂತಂತೆ ಕಾಣುತ್ತಿತ್ತು. ಆಮೇಲೆ ಎಲ್ಲ ಸರಿಹೋಯಿತು. ಅವಳ ಅಕ್ಕ ಊರಿನಿಂದ ಶೇಂಗಾ ಚಟ್ನಿ ಕಳಿಸಿದರೆ ಒಂದು ಪೊಟ್ಟಣದ ಮೇಲೆ ನನ್ನ ಹೆಸರು ಬರೆದಿರುತ್ತಿತ್ತು. ಫೋನಿನಲ್ಲಿ ನನ್ನನ್ನೂ ಕರೆದು, "ಆಕಿನ್ನ ನೋಡ್ಕೋ ತಂಗಿ, ಭಾಳ ಹೆದರ್ತಾಳ ಆಕಿ," ಎನ್ನುತ್ತಿದ್ದರು. ತಾಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆ ಅಕ್ಕನೇ ಸವಿತಾಳನ್ನು ಓದಿಸಿದ್ದು. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡಿದ್ದರು.

ಓದುವುದು ನ್ಯೂಯಾರ್ಕ್ ರಾಜ್ಯದಲ್ಲಿ, ಮಲಗುವುದು ನ್ಯೂಜೆರ್ಸಿ ರಾಜ್ಯದಲ್ಲಿ. ಹಾಗಾಗಿ ಕಾಲೇಜಿನ ಲೈಬ್ರರಿಯಲ್ಲಿ ವಾರಕ್ಕಿಷ್ಟು ಗಂಟೆ ಪುಸ್ತಕ ಜೋಡಿಸಿ ಗಳಿಸಿದ ಕಾಸಿಗೆ ಎರಡು ರಾಜ್ಯಗಳಿಗೂ, ಅವುಗಳ ಮೇಲೆ ಕೇಂದ್ರ ಸರ್ಕಾರಕ್ಕೂ ಲೆಕ್ಕ ಒಪ್ಪಿಸಬೇಕಿತ್ತು. ಅಷ್ಟು ಪುಸ್ತಕವನ್ನಂತೂ ನಾನು ಜೋಡಿಸಿರಲಿಲ್ಲ. ಮೊದಲ ವರ್ಷದ ಮಾರ್ಚ್ ಬಂದಾಗ ಇಬ್ಬರಿಗೂ ಕೈಕಾಲು ಆಡಲಿಲ್ಲ. ಊರಿನಲ್ಲಿ ನಮ್ಮಪ್ಪನ ಟ್ಯಾಕ್ಸ್ ಅನ್ನು ಅವರ ಆಫೀಸಿನವರೇ ಹಿಡಿದುಕೊಳ್ಳುತ್ತಿದ್ದರು. ಅದಕ್ಕೊಂದು ಫಾರ್ಮ್ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಗ ಸೀನಿಯರ್ ಒಬ್ಬ ಹೇಳಿದ: "ಮನ್ರೋ ಅಂಕಲ್ ಹತ್ರ ಹೋಗಿ. ಫ್ರೀಯಾಗಿ ಮಾಡ್ಕೊಡ್ತಾರೆ. ಊಟಾನೂ ಹಾಕ್ತಾರೆ."

ಶ್ರೀಕಂಠ ಅಂಕಲ್ ಮಂಡ್ಯದ ಕಡೆಯವರು. ಬಾಸ್ಕಿಂಗ್ ರಿಡ್ಜಿನ ಒಂದು ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್. ಮಾರ್ಚ್ ತಿಂಗಳಲ್ಲಿ ಎರಡು ಭಾನುವಾರ ಅವರ ಮನೆಯ ಬೇಸ್‌ಮೆಂಟ್ ವಿದ್ಯಾರ್ಥಿಗಳಿಗೆ ಮೀಸಲು. ನ್ಯೂ ಬ್ರನ್ಸ್‌ವಿಕ್ ಸ್ಟೇಷನ್ನಿಗೆ ತಾವೇ ಮಿನಿವ್ಯಾನ್ ತಂದು, "ಹತ್ತಿ, ಹತ್ತಿ, ಜಾಕೆಟ್ ಸರಿಯಾಗಿ ಹಾಕ್ಕೊಳ್ಳಿ," ಎಂದು ಆರೇಳು ಜನರನ್ನು ಒಮ್ಮೆಲೇ ಕರೆದೊಯ್ಯುತ್ತಿದ್ದರು. ಅವರು ಬಂದ ಕಾಲದಲ್ಲಿ ಒಬ್ಬರೂ ದಾರಿ ತೋರಿಸಿರಲಿಲ್ಲವಂತೆ. ಯಾರೋ ದುಡ್ಡು ತೆಗೆದುಕೊಂಡು ಫಾರ್ಮ್ ತುಂಬದೆ ಕೈಕೊಟ್ಟಿದ್ದನಂತೆ. "ಅವತ್ತೇ ತೀರ್ಮಾನ ಮಾಡಿದೆ, ನಮ್ಮ ಮಕ್ಕಳಿಗೆ ಹಾಗಾಗಬಾರ್ದು ಅಂತ," ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಅದು ಸುಳ್ಳಾಗಿರಲಿಲ್ಲ. ಇವತ್ತು ಎಷ್ಟೇ ಕಹಿಯಾಗಿ ನೆನೆದರೂ ಆ ಮನುಷ್ಯ ಹಿಮದ ರಸ್ತೆಯಲ್ಲಿ ನಮಗಾಗಿ ಡ್ರೈವ್ ಮಾಡಿದ್ದು ಸುಳ್ಳಾಗುವುದಿಲ್ಲ.

ನಮ್ಮೂರಿನಲ್ಲಿ ತಾಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವವರು ಕೂತಿರುತ್ತಿದ್ದರು. ಅವರ ಮುಂದೆ ನಿಂತವರ ಮುಖ ನಿಮಗೆ ನೆನಪಿರಬಹುದು. ತಮ್ಮದೇ ಹೆಸರನ್ನು ಇನ್ನೊಬ್ಬರು ಬರೆಯುವುದನ್ನು ನೋಡುತ್ತ, ಬರೆಯುತ್ತಿರುವುದು ಸರಿಯೇ ಇರುತ್ತದೆ ಎಂದು ನಂಬಿ ನಿಂತ ಮುಖ. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಸಾಲಾಗಿ ಕೂತ ನಾವು, ಇಂಜಿನಿಯರಿಂಗ್ ಮುಗಿಸಿ ಬಂದವರು, ಅದೇ ಮುಖ ಹೊತ್ತಿದ್ದೆವು. ಅಂಕಲ್ ತಮ್ಮ ಸಂಸಾರಕ್ಕೆಂದು ಕೊಂಡ ಸಾಫ್ಟ್‌ವೇರಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ತುಂಬುತ್ತಿದ್ದರು. ಮೇಲಿನಿಂದ ಅವರ ಹೆಂಡತಿ ನಾಗರತ್ನ ಆಂಟಿಯ ಅಡುಗೆಯ ಘಮ ಇಳಿದು ಬರುತ್ತಿತ್ತು. ಇಂಡಿಯನ್ ಸ್ಟೋರಿನ ಫ್ರೋಜನ್ ಅವರೆಕಾಳಿನ ಹುಳಿ. ಸವಿತಾಳಿಗೆ ಆ ಹುಳಿಯೊಳಗಿನ ಬೆಲ್ಲ ಅರ್ಥವಾಗುತ್ತಿರಲಿಲ್ಲ. ಅವಳಿಗೆಂದು ಆಂಟಿ ಮೆಕ್ಸಿಕನ್ ರೊಟ್ಟಿ ಬಿಸಿ ಮಾಡಿ, "ನಿಮ್ ಕಡೆ ರೊಟ್ಟಿ ಅಲ್ವೇನಮ್ಮಾ," ಎಂದು ಮುಂದಿಟ್ಟರೆ ಅವಳು ನಗು ತಡೆದುಕೊಂಡು ತಿನ್ನುತ್ತಿದ್ದಳು.

ಆ ವರ್ಷ ನಮ್ಮಿಬ್ಬರಿಗೂ ಸರ್ಕಾರದಿಂದ ಹಣ ವಾಪಸ್ ಬಂತು, ನಾವು ಎಣಿಸಿದ್ದಕ್ಕಿಂತ ಜಾಸ್ತಿಯೇ. ಕಾಲೇಜು ಫೀಸು ಕಟ್ಟಿದವರಿಗೆ ರಿಯಾಯಿತಿಯೊಂದು ಇದೆ, ಅದನ್ನು ಅಂಕಲ್ ಹಾಕಿಸಿಕೊಟ್ಟಿದ್ದರು. ಸವಿತಾ ಆ ಹಣದಲ್ಲಿ ಒಂದು ಒಳ್ಳೆಯ ಕೋಟು ಕೊಂಡು, ಅದನ್ನು ಹಾಕಿಕೊಂಡು ಅಕ್ಕನಿಗೆ ಫೋಟೊ ಕಳಿಸಿದಳು. ನಾನು ಏನು ಕೊಂಡೆನೋ ನೆನಪಿಲ್ಲ.

ಮರುವರ್ಷ ಫೆಬ್ರುವರಿಯಲ್ಲಿ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯವರು ಟ್ಯಾಕ್ಸ್ ಬಗ್ಗೆ ಒಂದು ಸಭೆ ಇಟ್ಟರು. ಜ್ಞಾನದಾಹದಿಂದ ಹೋದೆ ಎಂದು ಬರೆಯುವ ಆಸೆಯಿದೆ. ಪಿಜ್ಜಾ ಕೊಡುತ್ತಾರೆಂದು ಹೋದದ್ದು. ಎರಡನೇ ತುಂಡು ತಿನ್ನುತ್ತಿದ್ದಾಗ ಅಲ್ಲಿ ನೆರವಿಗೆ ಬಂದಿದ್ದ ಬಿಳಿ ಕೂದಲಿನ ಹೆಂಗಸೊಬ್ಬಳು ಹೇಳಿದ ಮಾತು ಕೇಳಿ ತುಂಡನ್ನು ತಟ್ಟೆಗೆ ಇಳಿಸಿದೆ. ವಿದ್ಯಾರ್ಥಿ ವೀಸಾದ ಮೇಲೆ ಬಂದವರು, ಇಲ್ಲೇ ಉಂಡು ಇಲ್ಲೇ ಮಲಗಿದರೂ, ಮೊದಲ ಐದು ವರ್ಷ ಟ್ಯಾಕ್ಸಿನ ಮಟ್ಟಿಗೆ ಇಲ್ಲಿನ ರೆಸಿಡೆಂಟ್ ಅಲ್ಲ. ಅವರ ಫಾರ್ಮೇ ಬೇರೆ. ಆ ಫೀಸಿನ ರಿಯಾಯಿತಿ ಅವರಿಗಿಲ್ಲ.

ಸಭೆ ಮುಗಿದ ಮೇಲೆ ಅವಳ ಬಳಿ ಹೋಗಿ, ನನ್ನ ಸ್ನೇಹಿತೆಯೊಬ್ಬಳು ಹೋದ ವರ್ಷ ತಪ್ಪು ಫಾರ್ಮ್ ತುಂಬಿದ್ದಾಳೆ, ಏನು ಮಾಡಬೇಕು ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ ಮೆಲ್ಲಗೆ ಅಂದಳು: "ಹೆದರಬೇಡ ಅಂತ ನಿನ್ನ ಸ್ನೇಹಿತೆಗೆ ಹೇಳು. ತಿದ್ದುಪಡಿ ಫಾರ್ಮ್ ಕಳಿಸಿ, ಹೆಚ್ಚಾಗಿ ಬಂದದ್ದನ್ನು ಹಿಂತಿರುಗಿಸಿದರೆ ಆಯಿತು. ಇಂಥವು ಎಷ್ಟೋ ಬರುತ್ತವೆ." ನಾನು ಅದೇ ವಾರ ತಿದ್ದುಪಡಿ ಬರೆದು, ಚೆಕ್ ಲಗತ್ತಿಸಿ, ಅಂಚೆಗೆ ಹಾಕಿಬಿಟ್ಟೆ.

ಸವಿತಾಳಿಗೆ ಹೇಳಲಿಲ್ಲ.

ಯಾಕೆ ಎಂದು ನೀವು ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ. ಆ ಸಭೆಗೆ ಹತ್ತು ದಿನ ಮುಂಚೆ ಅಂಕಲ್ ನನ್ನ ರೆಸ್ಯೂಮೆಯನ್ನು ತಮ್ಮ ಕಂಪನಿಯಲ್ಲಿ ಕೊಟ್ಟಿದ್ದರು. "ನಮ್ ಮೈಸೂರ್ ಹುಡ್ಗಿ, ನಾನು ನೋಡ್ಕೋತೀನಿ," ಅಂದಿದ್ದರು. ಸವಿತಾಳಿಗೆ ಹೇಳಿದರೆ ಅವಳು ಸುಮ್ಮನಿರುವವಳಲ್ಲ. ನೇರವಾಗಿ ಅಂಕಲ್‌ಗೆ ಫೋನ್ ಮಾಡಿ, "ಅಂಕಲ್, ತಪ್ಪಾಗ್ಯದ ನೋಡ್ರಿ," ಎನ್ನುತ್ತಿದ್ದಳು. ನಿನಗೆ ಯಾರು ಹೇಳಿದರು ಎಂದು ಅವರು ಕೇಳುತ್ತಿದ್ದರು. ಇಂಟರ್‌ವ್ಯೂ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಈ "ಆಮೇಲೆ" ಎಂಬ ಪದದೊಳಗೆ ಎಷ್ಟು ವರ್ಷ ಬೇಕಾದರೂ ಹಿಡಿಸುತ್ತದೆ.

ಮಾರ್ಚಿನ ಭಾನುವಾರ ಬಂತು. "ಅಂಕಲ್ ಮನಿಗೆ ಹೋಗೂಣೇನು?" ಎಂದಳು ಸವಿತಾ. ಲೈಬ್ರರಿಯಿಂದ ನನ್ನ ಸಂಬಳದ ಕಾಗದ ಇನ್ನೂ ಬಂದಿಲ್ಲ, ಸುಮ್ಮನೆ ನಿನ್ನ ಜೊತೆ ಬರುತ್ತೇನೆ ಎಂದು ಸುಳ್ಳು ಹೇಳಿ ಹೋದೆ. ಇಂಟರ್‌ವ್ಯೂ ವಿಷಯ ಅಂಕಲ್ ಬಾಯಿಂದ ಕೇಳುವ ಆತುರ ನನ್ನದು. ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಸಾಫ್ಟ್‌ವೇರ್ ಅದೇ ಪ್ರಶ್ನೆ ಕೇಳಿತು: ನೀವು ರೆಸಿಡೆಂಟೇ? ಅಂಕಲ್ ಬೆರಳು ಮೌಸಿನ ಮೇಲಿತ್ತು. ಒಂದು ಸಲ, ಒಂದೇ ಸಲ, ನನಗೆ ಧೈರ್ಯ ಬಂತು.

"ಅಂಕಲ್, ಕಾಲೇಜಲ್ಲಿ ಯಾರೋ ಅಂತಿದ್ರು, ಸ್ಟೂಡೆಂಟ್ಸ್ ನಾನ್-ರೆಸಿಡೆಂಟಂತೆ?"

ಅಂಕಲ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಮೆಟ್ಟಿಲ ಮೇಲೆ ಕೂತಿದ್ದವರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಅಂದರು: "ನೋಡ್ರಪ್ಪಾ, ಇವಳು ನಾನ್-ರೆಸಿಡೆಂಟಂತೆ! ಅಲ್ಲಮ್ಮಾ, ನೀನು ಎಲ್ಲಿ ರೆಸೈಡ್ ಮಾಡ್ತಿದೀಯ? ಮೈಸೂರಲ್ಲಾ, ಜೆರ್ಸಿ ಸಿಟೀಲಾ? ಯಾರು ಎಲ್ಲಿರ್ತಾರೋ ಅವ್ರು ಅಲ್ಲಿನ ರೆಸಿಡೆಂಟು. ಕಾಲೇಜ್‌ನವ್ರಿಗೆ ಏನ್ ಗೊತ್ತಾಗತ್ತೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಜುಗರದ ನಗು ಅಲ್ಲ ಅದು. ನನ್ನ ಪ್ರಶ್ನೆಯೇ ಪೆದ್ದು ಎನ್ನುವಂತೆ, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ. ಸವಿತಾಳೂ ನಗುತ್ತ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅಂಕಲ್ ಹೌದು ಎಂಬುದರ ಮೇಲೆ ಒತ್ತಿದರು. ಊಟದ ಹೊತ್ತಿಗೆ, "ನಿನ್ನ ಇಂಟರ್‌ವ್ಯೂ ಮುಂದಿನ ಮಂಗಳವಾರ, ಚೆನ್ನಾಗಿ ಪ್ರಿಪೇರ್ ಆಗು," ಅಂದರು. ಅವತ್ತು ಹುಳಿ ಎರಡು ಸಲ ಬಡಿಸಿಕೊಂಡೆ.

ಕೆಲಸ ಸಿಕ್ಕಿತು. ರೈಲು ಬದಲಿಸಿ ಬದಲಿಸಿ ಬಾಸ್ಕಿಂಗ್ ರಿಡ್ಜಿಗೆ ಕಮ್ಯೂಟ್ ಮಾಡತೊಡಗಿದೆ. ಸವಿತಾಳಿಗೂ ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅದೇ ಮನೆಯಲ್ಲೇ ಮುಂದುವರಿದೆವು. ಆ ಡಿಸೆಂಬರಿನಲ್ಲಿ ನಾನು ಚಿಕ್ಕಪ್ಪನ ಮಗಳ ಮದುವೆಗೆ ಮೈಸೂರಿಗೆ ಹೋಗಿ ಬಂದೆ. ಬರುವಾಗ ಏರ್‌ಪೋರ್ಟಿನ ಅಧಿಕಾರಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ, "ವೆಲ್‌ಕಂ ಬ್ಯಾಕ್," ಅಂದ. ಟ್ಯಾಕ್ಸಿನ ಮಾತೇ ಎತ್ತಲಿಲ್ಲ. ಈ ವಿವರವನ್ನು ಮರೆಯಬೇಡಿ. ನಾನು ಮರೆತಿರಲಿಲ್ಲ.

ಮರುವರ್ಷದ ಮಾರ್ಚಿನಲ್ಲಿ ಸವಿತಾ ಒಬ್ಬಳೇ ಮನ್ರೋಗೆ ಹೋಗಿ ಬಂದಳು. ನಾನು ಆಫೀಸಿನ ನೆಪ ಹೇಳಿದೆ. ಅಕ್ಟೋಬರಿನಲ್ಲಿ ಅವಳಿಗೆ ಟ್ಯಾಕ್ಸ್ ಇಲಾಖೆಯಿಂದ ಪತ್ರ ಬಂತು. ಫೀಸಿನ ರಿಯಾಯಿತಿಗೆ ನೀವು ಅರ್ಹರೆಂದು ತೋರಿಸಿ; ಇಲ್ಲದಿದ್ದರೆ ಪಡೆದದ್ದನ್ನು ಬಡ್ಡಿ, ದಂಡದ ಸಮೇತ ಹಿಂತಿರುಗಿಸಿ ಎಂದಿತ್ತು. ಅವಳು ಅಡುಗೆಮನೆಯಲ್ಲಿ ನಿಂತು ಅದನ್ನು ಮೂರು ಸಲ ಓದಿದಳು. ಗ್ಯಾಸಿನ ಮೇಲೆ ಹಾಲು ಉಕ್ಕಿ ಚೆಲ್ಲಿತು, ಇಬ್ಬರೂ ನೋಡುತ್ತ ನಿಂತೆವು.

"ನಾ ಡಿಸೆಂಬರಕ್ಕ ಊರಿಗೆ ಹೋಗಬೇಕಲ್ಲ," ಅಂದಳು. ಅವಳಿಗೆ ಮೊದಲು ಹೊಳೆದದ್ದು ಅದು.

ಅಕ್ಕ ಮತ್ತೆ ಮದುವೆಯಾಗುವವರಿದ್ದರು. ವಯಸ್ಸು ಮೂವತ್ತೊಂಬತ್ತು, ಹುಡುಗ ಅದೇ ಆಸ್ಪತ್ರೆಯ ಲ್ಯಾಬ್ ಟೆಕ್ನಿಶಿಯನ್, ಜಾತಿ ಬೇರೆ. ಅಣ್ಣಂದಿರಿಬ್ಬರೂ ಮನೆಯ ಹೊಸ್ತಿಲು ತುಳಿಯಬೇಡ ಎಂದಿದ್ದರು. ಮಂಟಪ, ಓಲಗ ಏನೂ ಇಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ರುಜು, ಅಷ್ಟೇ. ಮೂರು ಜನ ಸಾಕ್ಷಿ ಬೇಕಿತ್ತು. ಇಬ್ಬರು ಹುಡುಗನ ಗೆಳೆಯರು. ಮೂರನೆಯವಳು ಸವಿತಾ. ಹೆಣ್ಣಿನ ಕಡೆಯಿಂದ ನಿಲ್ಲುವವಳು ಅವಳೊಬ್ಬಳೇ. ಟಿಕೆಟ್ ಆಗಿತ್ತು. ಅಕ್ಕನಿಗೆಂದು ತೆಗೆದ ಕೈಗಡಿಯಾರ ಸೂಟ್‌ಕೇಸಿನಲ್ಲಿತ್ತು.

ಆ ಶನಿವಾರ ಇಬ್ಬರೂ ಮನ್ರೋಗೆ ಹೋದೆವು. ಈ ಸಲ ಸ್ಟೇಷನ್ನಿಗೆ ಮಿನಿವ್ಯಾನ್ ಬರಲಿಲ್ಲ, ಕ್ಯಾಬ್ ಹಿಡಿದೆವು. ಮನೆಯಲ್ಲಿ ಯಾರೋ ನೆಂಟರಿದ್ದರು. ಅಂಕಲ್ ನಮ್ಮನ್ನು ಒಳಗೆ ಕರೆಯಲಿಲ್ಲ; ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಪತ್ರ ಓದಿದರು. ಓದುತ್ತ ಓದುತ್ತ ಅವರ ಮುಖ ಬಿಳುಪೇರಿದ್ದನ್ನು ನಾನು ನೋಡಿದೆ. ಆ ಗಳಿಗೆಯಲ್ಲಿ ಅವರಿಗೆ ಎಲ್ಲ ಅರ್ಥವಾಗಿತ್ತು ಎಂದೇ ನನ್ನ ನಂಬಿಕೆ. ಎಷ್ಟು ವರ್ಷ, ಎಷ್ಟು ಮಕ್ಕಳು, ಎಷ್ಟು ಫಾರ್ಮುಗಳು, ಎಲ್ಲ. ಮಡಿಸಿ ವಾಪಸ್ ಕೊಡುವಷ್ಟರಲ್ಲಿ ಮುಖ ಮೊದಲಿನ ಹಾಗಾಗಿತ್ತು.

"ಇದ್ರಲ್ಲಿ ನಂದೇನಿದೆಯಮ್ಮಾ? ಕೆಳಗೆ ಸಹಿ ಯಾರದು? ಸಹಿ ನಿಮ್ಮದೇ ತಾನೆ."

ಅಲ್ಲಿಯವರೆಗೆ ನೀನು ಎನ್ನುತ್ತಿದ್ದವರು ನೀವು ಎಂದರು. ಸವಿತಾಳಿಗೆ ಅದು ಪತ್ರಕ್ಕಿಂತ ಜೋರಾಗಿ ತಾಕಿತು.

"ನೀವು ತುಂಬಿದ್ರಿ ಅಂತ ನಾ ಸಹಿ ಮಾಡೀನ್ರಿ ಅಂಕಲ್. ನಿಮ್ಮ ಮ್ಯಾಲೆ ತಪ್ಪು ಹೊರಸಾಕ ಬಂದಿಲ್ಲ ನಾ. ಮುಂದೇನ್ ಮಾಡ್ಲಿ, ಅದನ್ನ ಹೇಳ್ರಿ. ಡಿಸೆಂಬರಕ್ಕ ಹೋಗಬೇಕು ನಾನು."

"ಹೋಗೋದಾ? ಈಗ ದೇಶ ಬಿಟ್ರೆ ಮುಗೀತು. ಏರ್‌ಪೋರ್ಟಲ್ಲೇ ಹಿಡಿದು ವಾಪಸ್ ಕಳಿಸ್ತಾರೆ. ನಾನಾಗಿದ್ರೆ ಹೋಗ್ತಿರ್ಲಿಲ್ಲ. ಇಷ್ಟೊಂದು ಜನಕ್ಕೆ ಮಾಡ್ಕೊಟ್ಟಿದೀನಿ, ಒಬ್ರೂ ಹೀಗೆ ಮನೆ ಬಾಗಿಲಿಗೆ ಬಂದು ನಿಂತಿಲ್ಲ."

ಸವಿತಾ ನನ್ನ ಕಡೆ ತಿರುಗಿದಳು. ಏನಾದರೂ ಹೇಳು ಎನ್ನುವ ಹಾಗೆ. ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ: ನಾನೂ ಇದೇ ತಪ್ಪು ಮಾಡಿದ್ದೆ, ತಿದ್ದಿ ಕಳಿಸಿದೆ, ಹೋಗಿ ಬಂದೆ, ಏನೂ ಆಗಲಿಲ್ಲ. ಬಾಯಿಯವರೆಗೆ ಬಂದಿತ್ತು. ಆದರೆ ಎದುರಿಗೆ ನಿಂತಿದ್ದವರು ನನ್ನ ಕೆಲಸಕ್ಕೆ ಕಾರಣರಾದವರು. ಮುಂದೆ ನನ್ನ ವೀಸಾಕ್ಕೆ ಕಂಪನಿ ಅರ್ಜಿ ಹಾಕುವುದೂ ಅವರ ಒಂದು ಮಾತಿನ ಮೇಲೆ ನಿಂತಿದೆ ಎಂದು ನಾನು ಭಾವಿಸಿದ್ದೆ. ಜೊತೆಗೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಸವಿತಾ ಅಲ್ಲೇ ಕೇಳಿದರೆ? ನಾನು ಚಪ್ಪಲಿ ಸ್ಟ್ಯಾಂಡ್ ನೋಡುತ್ತ ನಿಂತೆ. ಮೇಲಿನ ಹಲಗೆಯಲ್ಲಿ ಅಂಕಲ್ ಅವರ ಹಿಮದ ಬೂಟುಗಳಿದ್ದವು.

ಒಳಗಿನಿಂದ ಆಂಟಿ ಬಂದರು. ಏನು ಕೇಳಿಸಿಕೊಂಡಿದ್ದರೋ, ಕಣ್ಣು ಕೆಂಪಾಗಿತ್ತು. ಕೈಯಲ್ಲಿದ್ದ ಊಟದ ಡಬ್ಬಿಯನ್ನು ಸವಿತಾಳ ಮುಂದೆ ಚಾಚಿದರು. ಸವಿತಾ, "ಬ್ಯಾಡ್ರಿ ಆಂಟಿ," ಎಂದು ಮೆಟ್ಟಿಲಿಳಿದಳು. ಡಬ್ಬಿ ಗಾಳಿಯಲ್ಲೇ ಉಳಿಯಿತು. ನಾನು ತೆಗೆದುಕೊಂಡೆ.

ಟಿಕೆಟ್ ರದ್ದಾಯಿತು. ಮದುವೆಯ ದಿನ ವಿಜಯಪುರದ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕ ಬಹಳ ಹೊತ್ತು ಕಾದರಂತೆ. ಯಾರಾದರೂ ಗೆಳತಿ ಬರಬಹುದೆಂದು. ಕೊನೆಗೆ ಎದುರಿನ ಜೆರಾಕ್ಸ್ ಅಂಗಡಿಯವನನ್ನು ಕರೆತಂದು ಮೂರನೆಯ ರುಜು ಹಾಕಿಸಿದರಂತೆ. ಇದನ್ನು ಸವಿತಾ ನನಗೆ ಹೇಳಿದಾಗ ಅವಳ ದನಿಯಲ್ಲಿ ಅಳುವಿರಲಿಲ್ಲ. "ಅಕ್ಕ ಒಂದ ಮಾತು ಅಂದ್ಲು," ಎಂದಳು. "'ಒಂದ್ ಕಾಗದಕ್ಕ ಹೆದರಿದೇನವ್ವಾ' ಅಂದ್ಲು. ಆಮ್ಯಾಲ ಫೋನ್ ಇಟ್ಲು." ಆಮೇಲೆ ಅಕ್ಕ ತಾನಾಗಿ ಫೋನ್ ಮಾಡುವುದು ನಿಂತುಹೋಯಿತು.

ಜನವರಿಯಲ್ಲಿ ಸವಿತಾ ದುಡ್ಡು ಕೊಟ್ಟು ವಕೀಲರೊಬ್ಬರನ್ನು ಕಂಡಳು. ಎಲ್ಲ ವರ್ಷಗಳ ತಿದ್ದುಪಡಿಯೂ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಈ ಪತ್ರಕ್ಕಾಗಿ ಪ್ರಯಾಣ ನಿಲ್ಲಿಸಬೇಕಾಗಿರಲಿಲ್ಲ, ಧಾರಾಳವಾಗಿ ಹೋಗಿ ಬರಬಹುದಿತ್ತು ಎಂದರಂತೆ ಆ ವಕೀಲರು. ಅವಳು ಮನೆಗೆ ಬಂದು, ಕೋಟು ಬಿಚ್ಚದೆ, ಸೋಫಾದ ಮೇಲೆ ಕೂತು ನನಗೆ ಇದನ್ನು ಹೇಳಿದಳು. ನಾನು, "ಅಯ್ಯೋ, ಛೇ," ಅಂದೆ. ನನ್ನ ಜೀವಮಾನದಲ್ಲಿ ನಾನಾಡಿದ ಅತಿ ಹೊಲಸು ಮಾತು ಅದು.

ಈ ನಡುವೆ ನಮ್ಮ ಬಳಗದಲ್ಲಿ ಸುದ್ದಿ ಹಬ್ಬಿತ್ತು. ಅಷ್ಟೆಲ್ಲ ಉಪಕಾರ ಮಾಡಿದ ಅಂಕಲ್ ಮನೆಗೇ ಹೋಗಿ ಜಗಳ ತೆಗೆದಳಂತೆ. "ಆ ಕಡೆಯವ್ರು ಸ್ವಲ್ಪ ಒರಟು ಬಿಡಿ," ಎಂದರು ಆಂಟಿಯೊಬ್ಬರು ಯುಗಾದಿ ಊಟದ ಸಾಲಿನಲ್ಲಿ, ನನ್ನ ಎಲೆಗೆ ಕೋಸಂಬರಿ ಬಡಿಸುತ್ತ. ನಾನು ತಲೆಯಾಡಿಸಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಡಿಸಿದ್ದೆ. ಅಂಕಲ್ ಮಾತ್ರ ಆ ವರ್ಷದಿಂದ ಬೇಸ್‌ಮೆಂಟ್ ಬಾಗಿಲು ಮುಚ್ಚಿದರು. ಕಣ್ಣು ಸರಿಯಿಲ್ಲ ಎಂದು ಕಾರಣ ಕೊಟ್ಟರು. ಮೊದಲೇ ತುಂಬಿಕೊಟ್ಟವರಲ್ಲಿ ಒಬ್ಬರಿಗಾದರೂ ಫೋನ್ ಮಾಡಿ, ತಪ್ಪಾಗಿದೆ, ತಿದ್ದಿಕೊಳ್ಳಿ ಎಂದು ಹೇಳಿದ್ದು ನಾನು ಕೇಳಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ. ಅವರನ್ನು ಬೈಯಲು ನನಗಿರುವ ಅರ್ಹತೆ ಇಷ್ಟೇ.

ಏಪ್ರಿಲಿನಲ್ಲಿ ಸವಿತಾ ದೂರದ ಕೊಲಂಬಸ್ಸಿನಲ್ಲಿ ಕೆಲಸ ಹಿಡಿದು ಹೊರಟುಹೋದಳು. ಮೊದಮೊದಲು ಹಬ್ಬಕ್ಕೊಂದು ಮೆಸೇಜು, ಆಮೇಲೆ ಅದೂ ಇಲ್ಲ. ನಾನು ಮದುವೆಯಾದೆ, ಕಂಪನಿ ಬದಲಿಸಿದೆ, ಮಗಳು ಹುಟ್ಟಿದಳು. ಶ್ರೀಕಂಠ ಅಂಕಲ್ ಈಗಲೂ ಮನ್ರೋದಲ್ಲೇ ಇದ್ದಾರೆ; ಕಾರ್ಯಕ್ರಮಗಳಲ್ಲಿ ಸಿಕ್ಕರೆ ನನ್ನ ತಲೆ ಸವರಿ, "ನಮ್ ಹುಡ್ಗಿ," ಎನ್ನುತ್ತಾರೆ. ನಾನು ಬಗ್ಗಿ ನಮಸ್ಕರಿಸುತ್ತೇನೆ.

ಆದರೆ ಈ ಶನಿವಾರ ಆ ಮಾತು ನನ್ನದೇ ಬಾಯಿಂದ, ನನ್ನ ಮಗಳ ಕಿವಿಗೆ ಬಿದ್ದ ಮೇಲೆ ಸುಮ್ಮನಿರಲು ಆಗಲಿಲ್ಲ. ಹಳೆಯ ಸಹಪಾಠಿಯೊಬ್ಬನನ್ನು ಕೇಳಿ ಸವಿತಾಳ ನಂಬರ್ ಪಡೆದೆ. ಮಗಳನ್ನು ಅವಳಪ್ಪನ ಜೊತೆ ಈಜಿಗೆ ಕಳಿಸಿ, ಅಡುಗೆಮನೆಯಲ್ಲಿ ನಿಂತು ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು. ನನ್ನ ದನಿ ಗುರುತಿಸಿ, "ಓ, ನೀನಾ. ಹೇಳು," ಅಂದಳು, ನಿನ್ನೆ ಮಾತಾಡಿ ಬಿಟ್ಟವಳ ಹಾಗೆ.

"ಸವಿತಾ, ನಿಂಗೊಂದು ಮಾತು ಹೇಳೋದಿತ್ತು. ಅವತ್ತು ಮನ್ರೋದಲ್ಲಿ..."

"ನೀ ನಿಂದು ಮೊದಲ ತಿದ್ದಿ ಕಳಿಸಿದ್ದಿ. ಅದ ಹೌದಲ್ಲ?"

"ಹೌದು," ಅಂದೆ. "ನಿಂಗೆ ಹೇಗೆ ಗೊತ್ತು?"

"ಮನಿ ಬಿಟ್ಟು ಬರಬೇಕಾದ್ರ ನಿನ್ನ ಫೈಲ್ ಒಂದು ನನ್ನ ಸಾಮಾನಿನ ಡಬ್ಬಿಯೊಳಗ ಬಂದಿತ್ತು. ಇಲ್ಲಿ ಬಂದು ತಗದು ನೋಡಿದೆ, ಯಾರದಿದು ಅಂತ. ಒಳಗ ನಿನ್ನ ತಿದ್ದುಪಡಿ ಫಾರ್ಮಿನ ಜೆರಾಕ್ಸ್ ಇತ್ತು, ತಾರೀಖು ಬರದಿತ್ತಲ್ಲ ಅದರ ಮ್ಯಾಲೆ. ಪೋಸ್ಟಿನ್ಯಾಗ ನಿನಗ ತಿರುಗಿ ಕಳಿಸಿದೆ. ನೆನಪದ ಏನು?"

ನೆನಪಿತ್ತು. ಕಂದು ಬಣ್ಣದ ಕವರಿನಲ್ಲಿ ಫೈಲು ಬಂದಿತ್ತು. ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ. ಪತ್ರವಿಲ್ಲದಿದ್ದುದನ್ನು ಕಂಡು ಅವಳು ತೆರೆದು ನೋಡಿಲ್ಲವೆಂದು ಅವತ್ತು ನನಗೆ ನೆಮ್ಮದಿಯಾಗಿತ್ತು.

"ಕವರ್ ಮುಟ್ಟಿದ ಮ್ಯಾಲೆ ನೀ ಫೋನ್ ಮಾಡ್ತಿ ಅಂತ ಕಾಯ್ದೆ," ಅಂದಳು. "ಭಾಳ ದಿನ ಕಾಯ್ದೆ. ಆಮ್ಯಾಲ ಬಿಟ್ಟೆ."

ತಪ್ಪಾಯಿತು ಎಂದೆ. ಎರಡು ಸಲ ಎಂದೆ. ಅವಳು ಆಯಿತು ಬಿಡು ಎನ್ನಲಿಲ್ಲ, ಬೈಯಲೂ ಇಲ್ಲ. ಕ್ಷಮಿಸಿದಳೋ ಎಂದು ಕೇಳುವ ಮುಖ ನನಗಿರಲಿಲ್ಲ. ಏನಾದರೂ ಮಾತಾಡಬೇಕೆಂದು, "ಅಕ್ಕ ಹೇಗಿದ್ದಾರೆ?" ಎಂದು ಕೇಳಿದೆ.

"ಆರಾಮ ಅದಾಳ. ಒಬ್ಬ ಮಗ ಆಗ್ಯಾನ. ಈಗ ಮಾತಾಡ್ತಾಳ ನನ್ನ ಜೋಡಿ. ಆದ್ರ ಮದಿವಿ ಮಾತು ಬಂತಂದ್ರ ಸುಮ್ಮನಾಗ್ತಾಳ." ಹಾಗೆಯೇ ಮುಂದುವರಿಸಿದಳು: "ಆಕಿಗೆ ನಿನ್ನ ವಿಷಯ ಹೇಳಿಲ್ಲ ನಾ. ತಂಗಿ ಕಾಗದಕ್ಕ ಹೆದರಿ ಬರಲಿಲ್ಲ ಅಂತನ ತಿಳಿದಾಳ. ತಿಳೀಲಿ ಬಿಡು ಅಂದೆ. ನೀನಂದ್ರ ಭಾಳ ಪ್ರೀತಿ ಇತ್ತು ಆಕಿಗೆ. ಗೆಳತಿ ಬಾಜೂಕ ನಿಂತು ಸುಮ್ಮನಿದ್ಲು ಅಂತ ಹೆಂಗ ಹೇಳ್ಲಿ?"

ಅಂದರೆ ಇಷ್ಟೂ ವರ್ಷ ಅವಳು ನನ್ನ ಪಾಲಿನದನ್ನೂ ಹೊತ್ತುಕೊಂಡು, ಸ್ವಂತ ಅಕ್ಕನ ಕಣ್ಣಲ್ಲಿ ಪುಕ್ಕಲಿಯಾಗಿ ಉಳಿದಿದ್ದಳು. ನಾನೋ ಇಲ್ಲಿ, ಅವಳು ಮರೆತಿರಬಹುದು ಎಂದುಕೊಂಡು ಬದುಕಿದ್ದೆ.

"ನಾನೇ ಹೇಳ್ತೀನಿ ಅಕ್ಕನಿಗೆ," ಅಂದೆ.

"ಹೇಳ್ತಿ?" ಅವಳ ದನಿಯಲ್ಲಿ ಮೊದಲ ಸಲ ಏನೋ ಅಲುಗಿತು. ನಗುವೋ, ಅಪನಂಬಿಕೆಯೋ. "ನಂಬರ್ ಕಳಸ್ತೀನಿ. ಹೇಳಿದ್ರ ಹೇಳು, ಬಿಟ್ರ ಬಿಡು. ನಾ ಮತ್ತ 'ಹೇಳಿದ್ಯಾ' ಅಂತ ಕೇಳಾಕ ಬರೂದಿಲ್ಲ."

ನಂಬರ್ ಬಂತು. ಆಮೇಲೆ ಮಾಡೋಣ ಎಂದು ನನ್ನೊಳಗಿನಿಂದ ಯಾರೋ ಅಂದರು. ಆ ದನಿಯ ಪರಿಚಯ ನನಗೆ ಚೆನ್ನಾಗಿತ್ತು. ಅಲ್ಲಿ ಆಗ ಸಂಜೆ, ಊಟಕ್ಕೆ ಮುಂಚಿನ ಹೊತ್ತು. ಕೂತರೆ ಏಳಲಾರೆ ಎಂದು ನಿಂತೇ ಒತ್ತಿದೆ.

"ಯಾರ್ರೀ ಮಾತಾಡೂದು?" ಹಿಂದೆ ಹುಡುಗನೊಬ್ಬ ಮಗ್ಗಿ ಒಪ್ಪಿಸುತ್ತಿದ್ದ.

ನನ್ನ ಹೆಸರು ಹೇಳಿದೆ.

"ಅಯ್ಯ ನಮ್ಮವ್ವ, ನೀನೇನ ತಂಗಿ! ಎಷ್ಟ ವರ್ಷಾತು! ಎಲ್ಲಿ ಮಾಯ ಆಗಿದ್ದಿ? ಆರಾಮ ಇದ್ದೀಯಿಲ್ಲೊ? ತಡಿ, ಇವ್ರನ್ನ ಕರೀತೀನಿ, ನಿನ್ನ ಹೆಸರು ಕೇಳಿ ಕೇಳಿ ಸಾಕಾಗ್ಯದ ಅವರಿಗೆ. ಏ, ಬರ್ರಿ ಇಲ್ಲಿ, ನಮ್ಮ ಸವಿತಾನ ಗೆಳತಿ..."

"ಅಕ್ಕಾ," ಅಂದೆ. "ಅವರನ್ನ ಆಮೇಲೆ ಕರೀರಿ. ಮೊದಲು ನಾನು ಹೇಳೋದನ್ನ ಕೇಳಿಬಿಡಿ."